ಆರ್ಡಿತ್ ಮುಟ್ಟದ ಮರಿಗಳು

ಗಂಡ ವರ್ನಲ್ ತೀರಿಕೊಂಡ ವಾರದಲ್ಲೇ ಆರ್ಡಿತ್ ತನ್ನ ಉದ್ದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಳು. ಅವನ ಅಂಗಿ, ಬಲೆ, ಒಳ್ಳೆಯ ಕಂಬಳಿಗಳನ್ನೆಲ್ಲ ನೆಂಟರಿಗೆ ಹಂಚಿಬಿಟ್ಟಳು. ಆಗ ಮಾರ್ಚ್ ತಿಂಗಳು. ಮುಂದಿನ ವಸಂತದಲ್ಲಿ ಪ್ರಾರ್ಥನೆಗೆ ಕೂಡುವ ಉದ್ದಮನೆಯಲ್ಲಿ ಹಿರಿಯರು ಸೇರಿ, ಡೋಲು ಬಾರಿಸಿ ಹಾಡಿ, ಅವನ ನೆನಪಿನ ಊಟ ಹಾಕುವವರೆಗೆ ಅವಳು ಜೀವಂತ ಮೀನು ಮುಟ್ಟುವಂತಿರಲಿಲ್ಲ, ಗೆಡ್ಡೆ ಅಗೆಯುವಂತಿರಲಿಲ್ಲ, ಬೆಟ್ಟದ ಹಣ್ಣು ಬಿಡಿಸುವಂತಿರಲಿಲ್ಲ. ದುಃಖದ ಕೈ ತಾಗಿದರೆ ಅವು ನೊಂದುಕೊಂಡು ದೂರ ಹೋಗುತ್ತವೆ ಎಂದು ಅಮೆರಿಕದ ಯಾಕಿಮಾ ನದಿ ದಂಡೆಯ ಅವಳ ಬುಡಕಟ್ಟಿನ ಜನ ಹೇಳುತ್ತಿದ್ದರು. ಆರ್ಡಿತ್ ಅದನ್ನು ಯಾರಿಗೋ ಹೆದರಿ ಪಾಲಿಸುತ್ತಿರಲಿಲ್ಲ, ನಿಜವೆಂದು ತಿಳಿದೇ ಪಾಲಿಸುತ್ತಿದ್ದಳು.

ಬೇಸಿಗೆ ಹೇಗೋ ಕಳೆಯಿತು. ನೆರೆಯವರು ಒಣಗಿಸಿದ ಸಾಲ್ಮನ್ ಮೀನು ತಂದುಕೊಟ್ಟರು, ಜಿಂಕೆ ಮಾಂಸದ ಸಾರು ತಂದುಕೊಟ್ಟರು. ಹಣ್ಣಿನ ಕಾಲದಲ್ಲಿ ಹೆಂಗಸರೆಲ್ಲ ಬುಟ್ಟಿ ಹಿಡಿದು ಬೆಟ್ಟಕ್ಕೆ ಹೋದಾಗ ಅವಳು ಮನೆಯಲ್ಲಿ ಕೂತು ಪರದೆ ಒಗೆದಳು. ಆದರೆ ಅಕ್ಟೋಬರ್ ಹತ್ತಿರ ಬರುತ್ತಿದ್ದಂತೆ ಅವಳ ಕೈ ಸುಮ್ಮನಿರಲಿಲ್ಲ. ಟೀವಿ ನೋಡುವಾಗಲೂ ಬೆರಳುಗಳು ತೊಡೆಯ ಮೇಲೆ ಏನನ್ನೋ ಹುಡುಕುತ್ತಿದ್ದವು.

ಅವು ಕೆಲಸ ಕಲಿತ ಬೆರಳುಗಳು. ಹರೆಯದಿಂದ ಹಿಡಿದು ಮೊಣಕಾಲು ನೋವು ಶುರುವಾಗುವವರೆಗೆ ಅವಳು ಸೇಬಿನ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತು ಹಣ್ಣು ಆರಿಸಿದ್ದಳು. ಸಾಲಾಗಿ ಉರುಳಿಬರುವ ಸೇಬುಗಳಲ್ಲಿ ಪೆಟ್ಟುಬಿದ್ದದ್ದನ್ನು ಕಣ್ಣಿಗಿಂತ ಮೊದಲು ಅವಳ ಬೆರಳು ಕಂಡುಹಿಡಿಯುತ್ತಿತ್ತು. ಪಕ್ಕದವಳ ಜೊತೆ ಹರಟೆ ಹೊಡೆಯುತ್ತಲೇ ಕೆಟ್ಟದ್ದನ್ನು ಆರಿಸಿ ಹಿಂದಕ್ಕೆ ಎಸೆಯುತ್ತಿದ್ದಳು.

ವರ್ನಲ್ ಸಿಕ್ಕಿದ್ದೂ ಆ ಶೆಡ್ಡಿನಲ್ಲೇ. ಅವನು ಲಾರಿಗೆ ಪೆಟ್ಟಿಗೆ ತುಂಬುವವನು. ಜೋರಾಗಿ ನಗುವ, ಎತ್ತರದ, ಸ್ವಲ್ಪ ಕುಂಟುವ ಆಸಾಮಿ. ಜೂನ್ ತಿಂಗಳಲ್ಲಿ ಒಂದು ದಿನ ಒದ್ದೆ ಗೋಣಿ ಮುಚ್ಚಿದ ಬಕೆಟ್ ತಂದು ಅವಳ ಮುಂದೆ ಸೇಬಿನ ಸಾಲಿನ ಪಕ್ಕ ಇಟ್ಟ.

"ಏನದು?" ಅಂದಳು ಆರ್ಡಿತ್.

"ತೆಗೆದು ನೋಡು. ನಿನಗೇ ತಂದಿದ್ದು."

ಒಳಗಿದ್ದದ್ದು ಅಸುಮ್, ಅವರ ಜನ ತಿನ್ನುವ ನದಿಯ ಮೀನು. ಹಾವಿನಂತೆ ಉದ್ದ, ಹೊಳೆಯುವ ಮೈ, ಮುಖದ ಬದಲು ಹಲ್ಲು ತುಂಬಿದ ಒಂದು ದುಂಡು ಬಾಯಿ. ಆರ್ಡಿತ್ ಬೆಳೆದ ಹಳ್ಳದಲ್ಲಿ ಅವಳು ಹುಟ್ಟುವ ಮೊದಲೇ ಅವು ಇಲ್ಲವಾಗಿದ್ದವು. ಒಣಗಿಸಿ ಮಡಚಿಟ್ಟದ್ದನ್ನು ಕಂಡಿದ್ದಳೇ ಹೊರತು ಜೀವಂತವಾಗಿ ಕಂಡವಳಲ್ಲ. ಅವಳು ಕಿರುಚಿ ಬಕೆಟ್ ತಳ್ಳಿಬಿಟ್ಟಳು. ಅಸುಮ್‌ಗಳು ಹಣ್ಣು ಸಾಗುವ ಪಟ್ಟಿಯ ಮೇಲೆ ಸೇಬುಗಳ ಜೊತೆ ಹೊರಟವು. ಮೇಲ್ವಿಚಾರಕ ಕುರ್ಚಿ ಹತ್ತಿ ನಿಂತ. ವರ್ನಲ್ ಕೈಗೆ ಹತ್ತಿಯ ಕಾಲುಚೀಲ ಹಾಕಿಕೊಂಡು ಒಂದೊಂದನ್ನೇ ಹಿಡಿದು ಬಕೆಟ್ಟಿಗೆ ಹಾಕುತ್ತ, "ಜಲಪಾತದ ಬಂಡೆಗೆ ಕಚ್ಚಿಕೊಂಡಿದ್ದವನ್ನ ಕಿತ್ತು ತಂದಿದ್ದೀನಿ, ಬೆಲೆ ಗೊತ್ತಿಲ್ಲ ನಿನಗೆ," ಎಂದು ಗೊಣಗಿದ. ಆ ಸಂಜೆ ಆರ್ಡಿತ್‌ಳ ಅಮ್ಮ ಅವನ್ನು ಸೀಳಿ ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟಳು. ಎರಡು ಮುಗಿಸಿ, ಬೆರಳಿನ ಎಣ್ಣೆ ಚೀಪುತ್ತ, "ಹುಡುಗ ಪರವಾಗಿಲ್ಲ," ಅಂದಳು.

ಮರಿಗಳ ವಿಷಯ ತಿಳಿದದ್ದು ಮದುವೆಯಾದ ಮೇಲೆ. ಶರತ್ಕಾಲದ ಒಂದು ಮಧ್ಯಾಹ್ನ ಇಬ್ಬರೂ ಕೆಲಸ ಮುಗಿಸಿ ಹಳೇ ಗಿರಣಿ ಕಾಲುವೆಯ ಪಕ್ಕದ ದಾರಿಯಲ್ಲಿ ಬರುತ್ತಿದ್ದರು. ತೋಟಗಳಿಗೆ ನೀರು ಸಾಕಾಗಿ ಕಾಲುವೆ ಮುಚ್ಚುವ ಕಾಲ. ಬತ್ತಿದ ಕಾಲುವೆಯ ಕೆಸರಿನ ಮೇಲೆ ಬಿಳಿ ಹಕ್ಕಿಗಳು ಜಾತ್ರೆ ನೆರೆದಂತೆ ನೆರೆದಿದ್ದವು. ವರ್ನಲ್ ಗಾಡಿ ನಿಲ್ಲಿಸಿ ಇಳಿದ. ಕೆಸರಿಗೆ ಕೈ ತೂರಿಸಿ ತೆಗೆದ. ಅಂಗೈಯಲ್ಲಿ ಕಂದು ಬಣ್ಣದ, ಪೆನ್ಸಿಲ್‌ಗಿಂತ ಸಣ್ಣ ಏನೋ ಒಂದು ಹೊರಳಾಡುತ್ತಿತ್ತು.

"ಹುಳ," ಅಂದಳು ಆರ್ಡಿತ್.

"ಹುಳ ಅಲ್ಲ ಕಣೇ. ಅಸುಮ್‌ನ ಮಕ್ಕಳು. ಕಣ್ಣೇ ಇಲ್ಲ ನೋಡು. ವರ್ಷಗಟ್ಟಲೆ ಹೀಗೆ ಕೆಸರಲ್ಲೇ ಇರ್ತವೆ."

ಅಂದು ಕತ್ತಲಾಗುವವರೆಗೆ ಇಬ್ಬರೂ ಊಟದ ಡಬ್ಬಿಯಲ್ಲಿ ಮರಿಗಳನ್ನು ಹೊತ್ತು ನದಿಗೆ ಬಿಟ್ಟರು. ಮರುವರ್ಷ ಬಕೆಟ್ ತಂದರು. ಆಮೇಲಿನ ವರ್ಷಗಳಲ್ಲಿ ಬುಡಕಟ್ಟಿನ ಮೀನುಗಾರಿಕೆ ಕಚೇರಿಯವರೇ ಒಂದು ತಂಡ ಮಾಡಿದರು. ಆರ್ಡಿತ್ ಪ್ರತಿ ಅಕ್ಟೋಬರಿನಲ್ಲಿ ಆ ತಂಡದ ಜೊತೆ ಕೆಸರಿಗಿಳಿಯುತ್ತಿದ್ದಳು. ಯಾವ ಕೆಸರಿನಲ್ಲಿ ಮರಿಗಳಿವೆ, ಯಾವುದರಲ್ಲಿಲ್ಲ ಎಂದು ಅವಳ ಬೆರಳಿಗೆ ತಿಳಿಯುತ್ತಿತ್ತು. ಹಿಟ್ಟಿನಷ್ಟು ನುಣುಪಿದ್ದರೆ ಇಲ್ಲ. ಬೆರಳ ತುದಿಗೆ ಸ್ವಲ್ಪ ಮರಳು ತಾಗಬೇಕು.

ಮರಿಗಳೆಲ್ಲ ಒಂದೇ ಥರ ಇರುವುದಿಲ್ಲ. ಹೆಚ್ಚಿನವು ಕುರುಡು. ಬಾಯಿಯ ಹತ್ತಿರ ಹರಿದುಬಂದದ್ದನ್ನು ಸೋಸಿ ತಿಂದುಕೊಂಡು ಹೂತೇ ಇರುತ್ತವೆ. ಯಾವುದೋ ಒಂದು ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕೆಲವಕ್ಕೆ ಕಣ್ಣು ಮೂಡುತ್ತದೆ, ಮೈ ಬೆಳ್ಳಿಯಾಗುತ್ತದೆ, ಬಾಯಿ ದುಂಡಗಾಗಿ ಹಿಡಿದುಕೊಳ್ಳಲು ಕಲಿಯುತ್ತದೆ. ಮಳೆ ಬಂದು ನದಿ ಏರಿದಾಗ, ಕತ್ತಲೆಯಲ್ಲಿ, ಅವು ಸಮುದ್ರಕ್ಕೆ ಹೊರಡುತ್ತವೆ. ಆದರೆ ಕಾಲುವೆ ನದಿಯ ನೀರಿನ ಜೊತೆ ಮರಿಗಳನ್ನೂ ಎಳೆದುಕೊಂಡಿರುತ್ತದೆ. ಮಳೆ ಬರುವ ಮೊದಲೇ ಅದನ್ನು ಮುಚ್ಚುತ್ತಾರೆ.

ಈ ವರ್ಷ ಇನ್ನೊಂದು ಸಂಗತಿ ಸೇರಿಕೊಂಡಿತ್ತು. ಹಳೇ ಗಿರಣಿ ಕಾಲುವೆಯ ಮೊದಲ ಭಾಗಕ್ಕೆ, ನದಿಯ ಹತ್ತಿರದ ಮುಖ್ಯ ಬಾಗಿಲಿನಿಂದ ಹಿಡಿದು ಹೆಚ್ಚಾದ ನೀರು ನದಿಗೆ ವಾಪಸ್ ಬೀಳುವ ಹಲಗೆ ಬಾಗಿಲಿನವರೆಗೆ, ಕಾಂಕ್ರೀಟ್ ಹಾಕುವವರಿದ್ದರು. ಮರಿಗಳು ತುಂಬಿದ್ದ ಕೆಸರೆಲ್ಲ ಇದ್ದದ್ದು ಅಲ್ಲೇ. ಬುಧವಾರ ನೀರು ನಿಲ್ಲಿಸುವುದು, ಶುಕ್ರವಾರ ಬೆಳಿಗ್ಗೆ ಯಂತ್ರ ಬಂದು ಕೆಸರು ಎತ್ತುವುದು ಎಂದು ನಿಗದಿಯಾಗಿತ್ತು. ಅಷ್ಟರೊಳಗೆ ಹೊರಗೆ ಬಾರದ ಮರಿ ಮತ್ತೆ ಬರುವಂತಿರಲಿಲ್ಲ.

ತಂಡವನ್ನು ನಡೆಸುತ್ತಿದ್ದವಳು ಆರ್ಡಿತ್‌ಳ ತಂಗಿಯ ಮಗಳು ಜೋಲೀನ್. ಕೆಸರಿಗೆ ಸಣ್ಣಗೆ ವಿದ್ಯುತ್ ಹಾಯಿಸಿ ಮರಿಗಳನ್ನು ಎಬ್ಬಿಸುವ ಉಪಕರಣ ಅವರ ಹತ್ತಿರ ಒಂದೇ ಇತ್ತು. ಅದೂ, ಅದರ ಜೊತೆ ತಂಡದ ಉಳಿದವರೂ, ದೂರದ ಇನ್ನೊಂದು ಕಾಲುವೆಗೆ ಹೋಗಿದ್ದರು. ಇಲ್ಲಿಗೆ ಉಳಿದವರು ಜೋಲೀನ್ ಮತ್ತು ಟೆರಲ್ ಎಂಬ ಬಾಯಿಬಡುಕ ತರುಣ, ಎರಡು ಸಲಿಕೆ.

ಬುಧವಾರ ಮಧ್ಯಾಹ್ನ ಆರ್ಡಿತ್ ತನ್ನ ಗಾಡಿಯನ್ನು ಕಾಲುವೆಯ ಏರಿಯ ಮೇಲೆ ನಿಲ್ಲಿಸಿ, ಕಿಟಕಿಯ ಗಾಜು ಇಳಿಸಿ ಕೂತಳು. ಇಳಿಯುವುದಿಲ್ಲ, ನೋಡುತ್ತೇನೆ ಅಷ್ಟೇ ಎಂದು ಮೊದಲೇ ಹೇಳಿದ್ದಳು.

"ಬಲಕ್ಕೆ ಅಗಿಯೋ ಟೆರಲ್, ಅಲ್ಲಿ ನುಣುಪು ಜಾಸ್ತಿ."

"ದೊಡ್ಡಮ್ಮ, ನೀವು ಸಿಂಹಾಸನದ ಮೇಲಿಂದ ಅಪ್ಪಣೆ ಕೊಡ್ತಾ ಇರಿ. ನಾವು ಪ್ರಜೆಗಳು ಅಗೀತೀವಿ."

"ನೀನು ಅಗಿಯೋದು ನೋಡಿದ್ರೆ ನನ್ನ ಅಮ್ಮ ರೊಟ್ಟಿ ತಿರುವಿ ಹಾಕ್ತಿದ್ದದ್ದು ನೆನಪಾಗುತ್ತೆ. ಆಳಕ್ಕೆ ಹಾಕೋ!"

ಟೆರಲ್ ಆಳಕ್ಕೆ ಹಾಕಿದ. ಕೆಸರನ್ನು ಜರಡಿಗೆ ಸುರಿದು ಜೋಲೀನ್ ತೊಳೆದು ನೋಡಿದಳು. ಏನೂ ಇಲ್ಲ. ಇನ್ನೊಂದು ಕಡೆ ಅಗೆದರು. ಒಂದು ಮರಿ. ಇನ್ನೂ ಸ್ವಲ್ಪ ಮುಂದೆ ಅಗೆದರು. ಏನೂ ಇಲ್ಲ. ಹೋದ ವರ್ಷ ಇದೇ ಜಾಗದಲ್ಲಿ ಒಂದೊಂದು ಸಲಿಕೆಗೂ ಕೈತುಂಬ ಸಿಕ್ಕಿದ್ದವು.

ಟೆರಲ್ ಸಲಿಕೆಗೆ ಒರಗಿ ನಿಂತು ಬೆವರು ಒರೆಸಿಕೊಂಡ. ಗಾಡಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದ. ಆಮೇಲೆ ಜೋಲೀನ್‌ಳ ಹತ್ತಿರ ಹೋಗಿ ದನಿ ತಗ್ಗಿಸಿದ. ಬತ್ತಿದ ಕಾಲುವೆಯಲ್ಲಿ ದನಿ ಎಷ್ಟು ತಗ್ಗಿಸಿದರೂ ಕೇಳುತ್ತದೆ.

"ನಾನೇನೂ ಹೇಳ್ತಿಲ್ಲ. ಆದ್ರೆ ನಮ್ಮಜ್ಜ ಹೇಳ್ತಿದ್ರು, ಶೋಕದಲ್ಲಿರೋರು ದಂಡೆ ಮೇಲೆ ಬಂದ್ರೂ ಸಾಕಂತೆ, ಮೀನು ಅಡಗಿಕೊಳ್ತವಂತೆ."

"ಬಾಯಿ ಮುಚ್ಚೋ," ಅಂದಳು ಜೋಲೀನ್.

"ಮುಚ್ಚಿದೆ. ಆದ್ರೆ ಜರಡಿ ನೋಡು ನೀನೇ."

ಆರ್ಡಿತ್ ಗಾಡಿ ಚಾಲೂ ಮಾಡಿದಳು. ಜೋಲೀನ್ ಏರಿ ಹತ್ತಿ ಓಡಿಬಂದು ಕಿಟಕಿ ಹಿಡಿದಳು.

"ದೊಡ್ಡಮ್ಮ, ಅವನ ಮಾತು ಕಟ್ಟಿಕೊಂಡು ಎಲ್ಲಿಗೆ ಹೋಗ್ತೀಯ? ಅವನು ಕಾಫಿ ಆರಿದ್ರೂ ಅವರಜ್ಜ ಹೇಳ್ತಿದ್ರು ಅಂತಾನೆ."

"ಅವನು ಸುಳ್ಳು ಹೇಳ್ಲಿಲ್ಲ ಬಿಡು. ನಾನೇ ಬರಬಾರದಿತ್ತು," ಅಂದಳು ಆರ್ಡಿತ್. ಅವಳಿಗೆ ಸಿಟ್ಟು ಬಂದಿರಲಿಲ್ಲ. ನಾಚಿಕೆಯಾಗಿತ್ತು. ಕೈ ಹಾಕದಿದ್ದರೆ ಸಾಕು ಎಂದುಕೊಂಡು ಕಣ್ಣು ಹಾಕಿದೆನಲ್ಲ, ತನ್ನ ಆಸೆಗೆ ಇಷ್ಟು ಮರಿಗಳು ಕಾಂಕ್ರೀಟಿನ ಕೆಳಗೆ ಹೋಗುತ್ತವಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಹಲಗೆ ಬಾಗಿಲಿನ ಹತ್ತಿರ ದಾರಿಗೆ ಅಡ್ಡಲಾಗಿ ದನಗಳಿಗಾಗಿ ಹಾಕಿದ ತಂತಿಯ ಗೇಟಿದೆ. ಇಳಿದು ತೆಗೆಯಬೇಕು, ದಾಟಿ ಮತ್ತೆ ಇಳಿದು ಹಾಕಬೇಕು. ಆರ್ಡಿತ್ ತಂತಿಯ ಕುಣಿಕೆ ಬಿಚ್ಚುತ್ತಿದ್ದಾಗ ಕೆಳಗಿನಿಂದ ಸಣ್ಣಗೆ ನೀರಿನ ಸದ್ದು ಕೇಳಿಸಿತು. ಹಳೆಯ ಹಲಗೆಗಳ ಸಂದಿಯಲ್ಲಿ ಒಂದು ಎಳೆ ನೀರು ಇನ್ನೂ ನದಿಯ ಕಡೆ ಸೋರುತ್ತಿತ್ತು.

ಅವಳು ಬಗ್ಗಿ ನೋಡಿದಳು. ಹಲಗೆಯ ಈಚೆಯ ಕೆಸರಿನ ಮೇಲೆ ಗೆರೆಗಳಿದ್ದವು. ಸೂಜಿಯಿಂದ ಎಳೆದಂಥ ತೆಳು ಗೆರೆಗಳು, ಒಂದಕ್ಕೊಂದು ಸುತ್ತಿಕೊಂಡು, ಅಂಕುಡೊಂಕಾಗಿ, ಎಲ್ಲವೂ ಆ ಸೋರುವ ಸಂದಿಯ ಕಡೆಗೇ ಹೋಗಿದ್ದವು. ಹಲಗೆಯ ನೆರಳಿನಲ್ಲಿ ಉಳಿದಿದ್ದ ಬೊಗಸೆ ನೀರಿನಲ್ಲಿ ಮರಿಗಳು ಕಿಕ್ಕಿರಿದಿದ್ದವು. ಕಂದು ಕುರುಡು ಮರಿಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಅವುಗಳ ನಡುವೆ ಬೆಳ್ಳಿಯ ಮರಿಗಳು, ಹೊಸ ಕಣ್ಣು ಬಿಟ್ಟುಕೊಂಡು, ಬಾಯಿಯಿಂದ ಹಲಗೆಗೆ ಕಚ್ಚಿಕೊಂಡು ತೂಗುತ್ತಿದ್ದವು.

ಆರ್ಡಿತ್ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅವು ಅವಳಿಂದ ಅಡಗಿಕೊಂಡಿರಲಿಲ್ಲ. ನೀರು ಹೋದ ದಾರಿ ಹಿಡಿದು ಹೋಗಿದ್ದವು, ಅಷ್ಟೇ. ಇಲ್ಲಿ ನೀರು ನಿಧಾನವಾಗಿ ಇಳಿದಿತ್ತು, ಇವು ಎದ್ದು ಹಿಂಬಾಲಿಸಿದ್ದವು. ಮೇಲ್ಗಡೆ, ಬೇಗ ಒಣಗಲಿ ಎಂದು ಪಕ್ಕದ ತೂಬುಗಳನ್ನೆಲ್ಲ ಒಟ್ಟಿಗೆ ತೆರೆದು ನೀರನ್ನು ಒಮ್ಮೆಗೇ ಕೆಡವಿದ್ದರು. ಅಲ್ಲಿನ ಮರಿಗಳಿಗೆ ಏಳುವಷ್ಟು ಹೊತ್ತೇ ಸಿಕ್ಕಿರಲಿಲ್ಲ. ಅವು ಸಲಿಕೆಗೆ ಸಿಗದಷ್ಟು ಕೆಳಕ್ಕೆ, ಒದ್ದೆ ಇರುವಲ್ಲಿಗೆ ಇಳಿದು ಕಾಯುತ್ತಿದ್ದವು.

ಬೊಗಸೆ ನೀರಿಗೆ ಕೈ ಇಳಿಸಿದರೆ ಸಾಕಿತ್ತು. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಗಾಡಿ ತಿರುಗಿಸಿದಳು.

ಟೆರಲ್ ಅವಳ ಮಾತನ್ನು ಕೇಳಿ ಮುಖ ಕೆಳಗೆ ಹಾಕಿದ. "ನಮ್ಮಜ್ಜ ಕಾಲುವೆ ಬಗ್ಗೆ ಏನೂ ಹೇಳಿರ್ಲಿಲ್ಲ," ಅಂದ ಕೊನೆಗೆ. ಬಕೆಟ್ ತೆಗೆದುಕೊಂಡು ಹಲಗೆ ಬಾಗಿಲಿಗೆ ಓಡಿ, ಅಲ್ಲಿದ್ದವನ್ನೆಲ್ಲ ನದಿಗೆ ದಾಟಿಸಿ ಬಂದ. ಉಳಿದದ್ದು ಮೇಲಿನ ಉದ್ದನೆಯ ಕೆಸರು.

"ಮತ್ತೆ ನೀರು ತುಂಬಿಸ್ಬೇಕು," ಅಂದಳು ಆರ್ಡಿತ್. "ನದಿ ಏರಿದ ಹಾಗೆ ಏರಲಿ. ಆಮೇಲೆ ನಿಧಾನಕ್ಕೆ ಇಳಿಸೋಣ. ಅವೇ ಎದ್ದು ಹೋಗ್ತವೆ. ಯಾರೂ ಅಗಿಯೋದು ಬೇಡ."

ಕಾಲುವೆಯ ಬಾಗಿಲುಗಳನ್ನು ನೋಡಿಕೊಳ್ಳುವವನು ಎಫ್ರೇನ್, ಮೆಕ್ಸಿಕೋ ಕಡೆಯಿಂದ ಬಂದು ಈ ಕಣಿವೆಯಲ್ಲೇ ತಲೆ ನರೆತವನು. ಜೋಲೀನ್ ಫೋನ್ ಮಾಡಿದ ಮೇಲೆ ಬಂದ. ಕೇಳಿದ ಕೂಡಲೇ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಸೆನ್ಯೋರಾ, ಬೆಳಿಗ್ಗೆ ಮುಚ್ಚಿದ್ದೀನಿ ಅಂತ ಕಚೇರಿಗೆ ಹೇಳಾಯ್ತು. ಈಗ ಮತ್ತೆ ತೆಗೆದ್ರೆ ನನ್ನ ತಲೆ ತೆಗೀತಾರೆ."

"ಯಂತ್ರ ಬರೋದು ಶುಕ್ರವಾರ. ನಾಳೆ ಮಧ್ಯಾಹ್ನಕ್ಕೆ ಖಾಲಿ ಮಾಡಿಕೊಡ್ತೀವಿ," ಅಂದಳು ಜೋಲೀನ್.

"ಕೆಸರು ಒದ್ದೆ ಇರುತ್ತಲ್ಲಮ್ಮ."

"ಒದ್ದೆ ಇದ್ರೆ ಒಳ್ಳೇದೇ ಅಲ್ವಾ?" ಅಂದಳು ಆರ್ಡಿತ್. "ಹೋದ ಸಲ ಕೆಳಗಡೆ ಒಣ ಕೆಸರು ಎತ್ತಿಸಿ, ಧೂಳೆಲ್ಲ ಸೇಬಿನ ಮೇಲೆ ಕೂತು, ತೋಟದೋರು ಯಾರ ಹೆಸರು ಹಿಡಿದು ಬೈದ್ರು?"

"ನನ್ನ ಹೆಸರೇ," ಎಂದು ಎಫ್ರೇನ್ ಒಪ್ಪಿಕೊಂಡ. ಸ್ವಲ್ಪ ದೂರ ಹೋಗಿ ಕಚೇರಿಗೆ ಫೋನ್ ಮಾಡಿ, ಧೂಳಿನ ವಿಷಯವನ್ನು ಬಹಳ ಹೊತ್ತು ಹೇಳಿದ. ಮರಿಗಳ ವಿಷಯ ಎತ್ತಿದ್ದು ಕೇಳಿಸಲಿಲ್ಲ. ವಾಪಸ್ ಬಂದು ಮುಖ್ಯ ಬಾಗಿಲಿನ ಚಕ್ರ ತಿರುಗಿಸುವ ಹಿಡಿಯನ್ನು ಕೊಟ್ಟ. "ಒಂದೇ ರಾತ್ರಿ. ನಾಳೆ ಮಧ್ಯಾಹ್ನ ನಾನು ಬಂದಾಗ ಇಲ್ಲಿ ಬಾತುಕೋಳಿ ಈಜ್ತಿರಬಾರ್ದು. ನನಗೆ ಇನ್ನೂ ಬೇರೆ ಬಾಗಿಲು ಮುಚ್ಚೋದಿದೆ, ಚಕ್ರ ನೀವೇ ನೋಡ್ಕೊಳ್ಳಿ."

ಅಲ್ಲಿ ತೊಡಕಾಯಿತು. ಹಲಗೆ ಬಾಗಿಲಿನಲ್ಲಿ ನೀರಿನ ಮಟ್ಟ ನೋಡಿ ಹಲಗೆ ತೆಗೆಯಲು ಇಬ್ಬರು ಬೇಕು. ಮುಖ್ಯ ಬಾಗಿಲಿನ ಚಕ್ರದ ಹತ್ತಿರ ಬೆಳಗಿನವರೆಗೆ ಒಬ್ಬರು ಬೇಕು. ಇದ್ದವರು ಮೂವರೇ. ಮೂರನೆಯವಳು ಆರ್ಡಿತ್.

"ಮಾವಿಸ್ ಅಜ್ಜಿಯನ್ನ ಕೇಳದೆ ನಾನು ಚಕ್ರ ಮುಟ್ಟಲ್ಲ," ಅಂದಳು ಅವಳು.

ಮಾವಿಸ್ ಉದ್ದಮನೆಯ ಹಿರಿಯಳು. ಶೋಕದ ನೇಮಗಳನ್ನು ಹೇಳುವವಳು, ನೆನಪಿನ ಊಟಕ್ಕೆ ದಿನ ಗೊತ್ತುಮಾಡುವವಳು ಅವಳೇ. ಫೋನ್ ತೆಗೆದಾಗ ಹಿಂದೆ ಯಾರೋ ಮೈಕಿನಲ್ಲಿ ಅಂಕಿ ಕೂಗುತ್ತಿದ್ದರು. ಬುಧವಾರ ಮಾವಿಸ್ ಬಿಂಗೊ ಎಂಬ ಅಂಕಿಯಾಟಕ್ಕೆ ಹೋಗುವ ದಿನ.

"ಬೇಗ ಹೇಳು, ನನಗೆ ಇನ್ನೊಂದೇ ಅಂಕಿ ಬೇಕು."

ಆರ್ಡಿತ್ ಹೇಳಿದಳು.

"ಮೀನು ಮುಟ್ತೀಯಾ?"

"ಇಲ್ಲ ಅಜ್ಜಿ."

"ಮೀನಿರೋ ನೀರಿಗೆ ಕೈ ಹಾಕ್ತೀಯಾ?"

"ಇಲ್ಲ. ಚಕ್ರ ತಿರುಗಿಸ್ತೀನಿ, ಅಷ್ಟೇ."

ಮಾವಿಸ್, "ಕಬ್ಬಿಣಕ್ಕೆ ನೋವಾಗಲ್ಲ. ತಿರುಗಿಸು," ಅಂದಳು. "ಆದ್ರೆ ಕೇಳಿಸ್ಕೋ. ಒಂದೇ ಒಂದು ಮರಿ ನಿನ್ನ ಕೈಗೆ ತಾಗ್ಲಿ, ಬರೋ ವಸಂತಕ್ಕೆ ಊಟ ಇಲ್ಲ. ಇನ್ನೂ ಒಂದು ವರ್ಷ ಕಾಯ್ಬೇಕು. ನೀನೊಬ್ಬಳೇ ಅಲ್ಲ, ವರ್ನಲ್‌ನೂ ಕಾಯ್ಬೇಕು." ಹಿಂದೆ ಯಾರೋ ಹೋ ಎಂದು ಕೂಗಿದರು. "ಹೋಯ್ತು! ಬೇರೆಯವಳು ಗೆದ್ದಳು. ನಿನ್ನಿಂದ ಕಣೇ," ಎಂದು ಮಾವಿಸ್ ಫೋನ್ ಇಟ್ಟಳು.

ಪಕ್ಕದ ತೂಬುಗಳನ್ನು ಟೆರಲ್ ಮುಚ್ಚಿ ಬಂದ ಮೇಲೆ, ಸಂಜೆಯ ಹೊತ್ತಿಗೆ ಆರ್ಡಿತ್ ಚಕ್ರ ತಿರುಗಿಸಿದಳು. ಬಾಗಿಲು ನರಳಿ ಮೇಲೆದ್ದಿತು. ನದಿಯ ನೀರು ಒಣಗುತ್ತಿದ್ದ ಕೆಸರಿನ ಮೇಲೆ ಕಂದು ನಾಲಗೆಯಂತೆ ಚಾಚಿ, ಬಿರುಕುಗಳನ್ನು ತುಂಬಿ, ನಿಧಾನವಾಗಿ ಏರಿತು. ಪೂರ್ತಿ ತುಂಬಿದ ಮೇಲೆ ಬಾಗಿಲನ್ನು ಸ್ವಲ್ಪ ಇಳಿಸಿದಳು. ಬಾಗಿಲ ಪಕ್ಕದ ಗೋಡೆಯ ಮೇಲಿನ ಒದ್ದೆ ಗೆರೆ ಬೆರಳಗಲ ಕೆಳಗಿಳಿಯುವವರೆಗೆ ಗಾಡಿಯಲ್ಲಿ ಕೂತು, ಮತ್ತೆ ಎದ್ದು ಸ್ವಲ್ಪ ಇಳಿಸಿದಳು. ರಾತ್ರಿಯೆಲ್ಲ ಅದೇ ಕೆಲಸ. ಅವಳ ಮುಂದಿದ್ದದ್ದು ಗೋಡೆ, ಚಕ್ರ, ಕಪ್ಪು ನೀರು. ಒಂದು ಮರಿಯೂ ಕಾಣಲಿಲ್ಲ. ಕೆಳಗಿನ ತುದಿಯಿಂದ ಮೊದಮೊದಲು ಫೋನೂ ಬರಲಿಲ್ಲ. ನಾನು ಅಂದುಕೊಂಡದ್ದೇ ತಪ್ಪಿದ್ದರೆ, ಅವು ಇನ್ನೂ ಕೆಳಕ್ಕೇ ಇಳಿದಿದ್ದರೆ ಎಂದು ಅವಳಿಗೆ ಅನುಮಾನ ಬಂತು. ಬೇಗ ಇಳಿಸಿ ಮುಗಿಸೋಣವೆಂದು ಎರಡು ಸಲ ಹಿಡಿಗೆ ಕೈ ಹೋಯಿತು. ಎರಡು ಸಲವೂ ವಾಪಸ್ ತೆಗೆದಳು.

ಕೊನೆಗೆ ಟೆರಲ್‌ನ ಫೋನ್ ಬಂತು. ಅವನು ಪಿಸುಗುಡುತ್ತಿದ್ದ, ಮರಿಗಳಿಗೆ ಕೇಳಿಸಿಬಿಟ್ಟೀತು ಎನ್ನುವಂತೆ.

"ದೊಡ್ಡಮ್ಮ, ಬರ್ತಿವೆ. ಟಾರ್ಚ್ ಹಾಕಿದ್ರೆ ನೀರೇ ಕಾಣಿಸ್ತಿಲ್ಲ. ಶ್ಯಾವಿಗೆ ಬಸಿದ ಹಾಗೆ ಬರ್ತಿವೆ. ಬೆಳ್ಳೀವು ಬಾಲ ಮುಂದೆ ಮಾಡ್ಕೊಂಡು ಹೋಗ್ತಿವೆ, ಮನೆ ಬಿಡೋಕೆ ಇಷ್ಟ ಇಲ್ಲದೋರ ಹಾಗೆ."

"ಟಾರ್ಚ್ ಆರಿಸೋ. ಹೆದರ್ತವೆ," ಅಂದಳು ಆರ್ಡಿತ್. ಫೋನ್ ಇಟ್ಟ ಮೇಲೆ ಗಾಡಿಯ ಪಕ್ಕ ನಿಂತು ಸ್ವಲ್ಪ ಹೊತ್ತು ಅತ್ತಳು. ವರ್ನಲ್ ಇದ್ದಿದ್ದರೆ ಇದನ್ನು ಎಷ್ಟು ವರ್ಷ ಹೇಳಿಕೊಂಡು ತಿರುಗುತ್ತಿದ್ದ!

ಬೆಳಕು ಹರಿಯುವಾಗ ಬಾಗಿಲು ಪೂರ್ತಿ ಕೂತಿತು. ಕಾಲುವೆಯ ನಡುವೆ ಒಂದು ಎಳೆ ನೀರು ಮಾತ್ರ ಹಲಗೆ ಬಾಗಿಲಿನ ಕಡೆ ಹರಿಯುತ್ತಿತ್ತು. ಆರ್ಡಿತ್ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಹಿಂದುಳಿದವು ಇವೆಯೇ ಎಂದು ಕಣ್ಣಲ್ಲೇ ನೋಡುತ್ತ ಅಂಚಿನಲ್ಲಿ ನಡೆದಳು. ಇದ್ದರೆ ಕೂಗಿ ಕರೆಯುವುದು ಎಂದುಕೊಂಡಿದ್ದಳು.

ಇತ್ತು. ಮುಖ್ಯ ಬಾಗಿಲಿನಿಂದ ಅನತಿ ದೂರದಲ್ಲಿ, ಹಿಂದಿನ ದಿನ ಟೆರಲ್ ಅಗೆದ ಗುಂಡಿಯಲ್ಲಿ ನೀರು ನಿಂತಿತ್ತು. ಅದರಲ್ಲಿ ಒಂದೇ ಒಂದು ಬೆಳ್ಳಿಯ ಮರಿ ಸುತ್ತು ಹೊಡೆಯುತ್ತಿತ್ತು. ಕೆಸರು ನೀರನ್ನು ಹೀರುತ್ತಿತ್ತು. ಏರಿಯ ಮೇಲೆ ಬಾಲ ಕುಣಿಸುತ್ತ ಒಂದು ಕಪ್ಪುಬಿಳುಪಿನ ಹಕ್ಕಿ ಆಗಲೇ ಬಂದು ಕೂತಿತ್ತು.

"ಜೋಲೀನ್! ಟೆರಲ್!"

ಇಬ್ಬರೂ ದೂರದ ತುದಿಯಲ್ಲಿದ್ದರು. ನೀರು ಬೀಳುವ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಫೋನ್ ಗಾಡಿಯಲ್ಲಿತ್ತು. ಆರ್ಡಿತ್ ಬಗ್ಗಿದಳು. ಕೈ ತಾನಾಗಿಯೇ ಮುಂದೆ ಹೋಯಿತು. ಇಷ್ಟು ವರ್ಷ ಮಾಡಿದ ಕೆಲಸ, ಕೈಗೆ ಯೋಚಿಸುವ ಅಗತ್ಯ ಇರಲಿಲ್ಲ. ನೀರಿಗೆ ಒಂದು ಗೇಣು ಇರುವಾಗ ಅವಳು ಮುಷ್ಟಿ ಕಟ್ಟಿಕೊಂಡಳು.

ಎದ್ದು ನಿಂತು, ಬೂಟಿನ ಹಿಮ್ಮಡಿಯನ್ನು ಗುಂಡಿಯ ಅಂಚಿಗೆ ಊರಿ, ನಡುವಿನ ನೀರಿನ ಎಳೆಯ ತನಕ ಕೆಸರಿನಲ್ಲಿ ಒಂದು ಗೀರು ಎಳೆದಳು. ಗುಂಡಿಯ ನೀರು ಗೀರಿಗಿಳಿದು ಹರಿಯಿತು. ಮರಿಯೂ ಹಿಂದೆಯೇ ಬಂತು. ಅರ್ಧ ದಾರಿಯಲ್ಲಿ ಏನನ್ನಿಸಿತೋ, ಹೊರಳಿ ಬಂದು ಅವಳ ಬೂಟಿಗೆ ಬಾಯಿ ಹಚ್ಚಿ ಹಿಡಿದುಕೊಂಡಿತು.

ಆರ್ಡಿತ್ ಕಾಲು ಅಲ್ಲಾಡಿಸಿದಳು. ಮರಿ ಬಿಡಲಿಲ್ಲ. "ಬಿಡೇ, ಬಿಡೇ ಪುಟ್ಟಿ," ಅಂದಳು. ಅದು ಇನ್ನೂ ಗಟ್ಟಿಯಾಗಿ ಹಿಡಿಯಿತು. ಅದರ ಬದಿಯ ಪುಟ್ಟ ತೂತುಗಳ ಸಾಲು ತೆರೆದು ಮುಚ್ಚುವುದು ಕಾಣಿಸುತ್ತಿತ್ತು.

ಬೇರೆ ದಾರಿ ತೋಚಲಿಲ್ಲ. ಅವಳು ಆ ಕಾಲನ್ನು ನೀರಿನ ಎಳೆಗೆ ಇಳಿಸಿದಳು. ಮರಿ ನೀರೊಳಗೇ ಇರುವಂತೆ ಪಾದವನ್ನು ಮೇಲೆತ್ತದೆ ಜಾರಿಸುತ್ತ, ಇನ್ನೊಂದು ಕಾಲನ್ನು ಕೆಸರಿನಲ್ಲಿ ಊರುತ್ತ, ಹಲಗೆ ಬಾಗಿಲಿನ ಕಡೆ ಹೊರಟಳು. ಮೊಣಕಾಲು ಚುಚ್ಚುತ್ತಿತ್ತು. ಬಿದ್ದರೆ ಕೈ ಊರಬೇಕಾಗುತ್ತದೆ ಎಂದು ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡಿದ್ದಳು.

ಅವಳು ಹಾಗೆ ಬರುವುದನ್ನು ಮೊದಲು ಕಂಡವನು ಟೆರಲ್.

"ಜೋಲೀನ್, ನಿಮ್ಮ ದೊಡ್ಡಮ್ಮನ್ನ ಯಾರೋ ಪೊಲೀಸರು ಹಿಡ್ಕೊಂಡು ಬರ್ತಿದ್ದಾರೆ, ಆದ್ರೆ ಪೊಲೀಸರು ಕಾಣಿಸ್ತಿಲ್ಲ!"

"ನಗಬೇಡ್ವೋ," ಎಂದು ಆರ್ಡಿತ್ ದೂರದಿಂದಲೇ ಕೂಗಿದಳು. "ಕಾಲಲ್ಲಿ ಮರಿ ಇದೆ."

ಇಬ್ಬರೂ ಓಡಿಬಂದರು. ಟೆರಲ್ ಬಗ್ಗಿ ನೋಡಿ, ಬಿಡಿಸಲು ಕೈ ಚಾಚಿ, ತಡೆದು ಕೇಳಿದ. "ದೊಡ್ಡಮ್ಮ, ಈಗ ನೀವು ಅದನ್ನ ಮುಟ್ಟಿದ್ದಾ, ಅದು ನಿಮ್ಮನ್ನ ಮುಟ್ಟಿದ್ದಾ?"

"ಗೊತ್ತಿಲ್ಲ. ನೀನು ಕೀಳಬೇಡ, ಬಾಯಿ ಹರಿಯುತ್ತೆ. ತಾನಾಗಿ ಬಿಡ್ಲಿ."

ಜೋಲೀನ್ ಒಂದು ಕಡೆ ತೋಳು ಹಿಡಿದಳು. ಟೆರಲ್ ಇನ್ನೊಂದು ಕಡೆ ಹಿಡಿದ. ಮೂವರೂ ಹೆಜ್ಜೆ ಜಾರಿಸುತ್ತ ಹಲಗೆ ಬಾಗಿಲಿಗೆ ಬಂದರು. ಅಲ್ಲಿ ನೀರಿನ ಸೆಳೆತ ಜೋರಾಗಿತ್ತು. ಮರಿಯ ಬಾಲ ಸೆಳೆತಕ್ಕೆ ಸಿಕ್ಕಿ ಒಮ್ಮೆ ಬಳುಕಿತು. ಅದು ಬಾಯಿ ಬಿಟ್ಟಿತು. ಹಲಗೆಯ ಅಂಚು ದಾಟುವಾಗ ಬೆಳ್ಳಿಯ ಒಂದು ಮಿಂಚು, ಆಮೇಲೆ ನದಿಯ ನೀರು.

ಆರ್ಡಿತ್ ಅಲ್ಲಿಂದ ನೇರವಾಗಿ ಮಾವಿಸ್‌ಳ ಮನೆಗೆ ಹೋದಳು. ಹೇಳದೆ ಇರಬಹುದಿತ್ತು, ಟೆರಲ್ ಕೂಡ "ನಾವ್ಯಾರೂ ನೋಡೇ ಇಲ್ಲ" ಅಂದಿದ್ದ. ಆದರೆ ಹೇಳದೆ ಪಡೆದ ಊಟದಿಂದ ವರ್ನಲ್‌ಗೆ ಏನು ಸಿಗುತ್ತದೆ ಎಂಬುದೇ ಅವಳ ಯೋಚನೆ. ಬಾಗಿಲಲ್ಲೇ ನಿಂತು, ಕೆಸರು ಮೆತ್ತಿದ ಬಟ್ಟೆಯಲ್ಲೇ, ಗುಂಡಿಯಿಂದ ಹಲಗೆಯವರೆಗೆ ಎಲ್ಲವನ್ನೂ ಒಪ್ಪಿಸಿದಳು. ನೀರಿಗೆ ಒಂದು ಗೇಣು ಇರುವವರೆಗೆ ಕೈ ಹೋಗಿದ್ದನ್ನೂ ಬಿಡಲಿಲ್ಲ.

ಮಾವಿಸ್ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಿದ್ದಳು. ಒಲೆ ಆರಿಸಿ ಬಂದು ಬೂಟನ್ನು ನೋಡಿದಳು. ಕೆಸರಿನ ನಡುವೆ, ಪಾದದ ಮೇಲ್ಗಡೆ, ಉಂಗುರದಷ್ಟು ದುಂಡಗೆ ಒಂದು ಜಾಗ ಶುಭ್ರವಾಗಿತ್ತು.

"ಚರ್ಮಕ್ಕೆ ತಾಗಿತಾ?"

"ಇಲ್ಲ."

"ಒಳಗೆ ನೀರು ಹೋಯ್ತಾ?"

"ಇಲ್ಲ ಅಜ್ಜಿ. ಕಾಲು ಒಣಗೇ ಇದೆ."

ಮಾವಿಸ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿ ಆ ದುಂಡು ಜಾಗವನ್ನು ಇನ್ನೊಮ್ಮೆ ನೋಡಿದಳು. ಇಂಥ ಪ್ರಶ್ನೆ ಅವಳ ಮುಂದೆ ಹಿಂದೆಂದೂ ಬಂದಿರಲಿಲ್ಲ. ಕೇಳೋಣವೆಂದರೆ ಅವಳಿಗಿಂತ ಹಿರಿಯರೂ ಉಳಿದಿರಲಿಲ್ಲ.

"ಬಿಚ್ಚು," ಅಂದಳು ಕೊನೆಗೆ.

"ಏನು?"

"ಬೂಟು. ಮೀನಿಗೆ ತಾಗಿದ್ದು ಅದು, ನೀನಲ್ಲ. ಅದು ಇಲ್ಲೇ ಇರ್ಲಿ. ಇನ್ನೊಂದು ವರ್ಷ ಅದು ಕಾಯ್ಲಿ, ನೀನು ಕಾಯೋದು ಬೇಡ. ವಸಂತದಲ್ಲಿ ಊಟ ಇಟ್ಕೊಳ್ಳೋಣ, ಗೆಡ್ಡೆ ಅಗಿಯೋ ಮುಂಚೆ."

"ಎರಡೂ ಬಿಚ್ಚಬೇಕಾ ಅಜ್ಜಿ? ಎಡಗಾಲಿನದ್ದಕ್ಕೆ ತಾಗಿಲ್ಲ."

"ಒಂದೇ ಬೂಟು ಇಟ್ಕೊಂಡು ಏನು ಮಾಡ್ತೀಯೆ, ಕುಂಟ್ತೀಯಾ? ಬಿಚ್ಚು. ಒಳಗೆ ಬಾ, ರೊಟ್ಟಿ ಬಿಸಿ ಇದೆ."

ಆರ್ಡಿತ್ ಮೆಟ್ಟಿಲ ಮೇಲೆ ಕೂತು ಬೂಟು ಎಳೆದು ತೆಗೆದಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಾಲು ಊದಿಕೊಂಡಿತ್ತು, ಬಲಗಾಲಿನದು ಬರಲು ಹಟ ಮಾಡಿತು. ಮಾವಿಸ್ ಅವನ್ನು ಕಿವಿ ಹಿಡಿದ ಹಾಗೆ ಎತ್ತಿಕೊಂಡು ಹೋಗಿ ಸೌದೆಯ ಕೋಣೆಯ ಗೂಟಕ್ಕೆ ನೇತುಹಾಕಿದಳು.

ಶುಕ್ರವಾರ ಯಂತ್ರ ಬಂತು. ಅದು ಎತ್ತಿ ಸುರಿದ ಒಂದೊಂದು ಕೆಸರಿನ ಗುಡ್ಡೆಯನ್ನೂ ಜೋಲೀನ್ ಮತ್ತು ಟೆರಲ್ ಕೆದಕಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಟೆರಲ್‌ನ ಬಕೆಟ್ಟಿನ ತಳದಲ್ಲಿ ಕೆಲವೇ ಕೆಲವು ಮರಿಗಳಿದ್ದವು. ಆರ್ಡಿತ್ ದಾರಿಯ ಆಚೆ ಬದಿಯಲ್ಲಿ, ಕಾಲಿಗೆ ಮನೆಯ ಚಪ್ಪಲಿ ಹಾಕಿಕೊಂಡು, ಗಾಡಿಯಲ್ಲಿ ಕೂತಿದ್ದಳು. ಟೆರಲ್ ಬಕೆಟ್ ಹಿಡಿದು ನದಿಯ ಕಡೆ ಹೋಗುವಾಗ ಅವಳ ಕಿಟಕಿಯ ಹತ್ತಿರ ನಿಂತ. ಬಕೆಟ್ಟನ್ನು ಅವಳಿಗೆ ತಾಗದಷ್ಟು ದೂರದಲ್ಲಿ, ಕಾಣಿಸುವಷ್ಟು ಹತ್ತಿರದಲ್ಲಿ ಓರೆಮಾಡಿ ಹಿಡಿದ.

"ಇಷ್ಟೇನಾ?" ಅಂದಳು ಅವಳು.

"ಇಷ್ಟೇ, ದೊಡ್ಡಮ್ಮ."

"ಹೋಗು ಮತ್ತೆ, ಬಿಟ್ಟು ಬಾ. ಬಿಸಿಲಲ್ಲಿ ನಿಲ್ಲಿಸ್ಕೋಬೇಡ."